ವಹಿಯಲ್ಲಿ ಬರೆದಿಟ್ಟ ದ್ವೀಪ

ಬಬಲೇಶ್ವರ

ಇಪ್ಪತ್ತೊಂದು ವರ್ಷಗಳಿಂದ ನಾನು ಮಕ್ಕಳಿಗೆ ಮೆಡಿಟರೇನಿಯನ್ ವಾಯುಗುಣದ ಪಾಠ ಹೇಳುತ್ತ ಬಂದಿದ್ದೇನೆ. ಬೇಸಿಗೆಯಲ್ಲಿ ಒಣ ಹವೆ, ಚಳಿಗಾಲದಲ್ಲಿ ಮಳೆ, ದ್ರಾಕ್ಷಿ, ಅಂಜೂರ, ಆಲಿವ್. ಬಬಲೇಶ್ವರದ ನಮ್ಮ ಪ್ರೌಢಶಾಲೆಯ ಗೋಡೆಯ ನಕಾಶೆಯಲ್ಲಿ ನಾನು ಕಡ್ಡಿ ಇಟ್ಟೂ ಇಟ್ಟೂ ಆ ಸಮುದ್ರದ ನೀಲಿ ಬಣ್ಣವೇ ಸವೆದು ಹೋಗಿದೆ. ಆಲಿವ್ ಹೇಗಿರುತ್ತದೆ ಎಂದು ಪ್ರತಿವರ್ಷ ಒಬ್ಬರಾದರೂ ಕೇಳುತ್ತಾರೆ. ಬಾರಿಹಣ್ಣಿನ ಹಾಗೆ ಎಂದು ಹೇಳಿ ಗಡಬಡಿಸಿ ಮುಂದಿನ ಪುಟಕ್ಕೆ ಹೋಗುತ್ತೇನೆ. ನಾನಾದರೂ ಎಲ್ಲಿ ಕಂಡಿದ್ದೆ?

ಕಳೆದ ಮೇ ತಿಂಗಳಲ್ಲಿ ಆ ಸಮುದ್ರದ ನಡುವಿನ ಇಬಿಝಾ ಎಂಬ ದ್ವೀಪಕ್ಕೆ ಹೋಗಿ ಬಂದೆ. ರಜೆಯ ಅರ್ಜಿ ನೋಡಿ ಮುಖ್ಯ ಗುರುಗಳು, "ಶೈಕ್ಷಣಿಕ ಪ್ರವಾಸ ಏನ್ರಿ ಮೇಡಂ?" ಎಂದು ಕೇಳಿದ್ದರು. ಹೌದ್ರಿ ಎಂದು ಗೋಣು ಹಾಕಿದೆ. ಅದು ಕುಣಿಯುವವರ ದ್ವೀಪ, ಜಗತ್ತಿನ ಹರೆಯದವರೆಲ್ಲ ಬೇಸಿಗೆಗೆ ಅಲ್ಲಿಗೆ ಹಾಡು ಹಾಕಿಕೊಂಡು ಕುಣಿಯಲಿಕ್ಕೆ ಬರುತ್ತಾರೆ ಎಂದು ಅವರಿಗೆ ಹೇಗೆ ಹೇಳಲಿ! ನನಗೆ ಐವತ್ತು ತುಂಬಿತ್ತು, ಮೊಣಕಾಲು ಬೇರೆ ನೋಯುತ್ತಿತ್ತು.

ಹೋದದ್ದು ನನ್ನ ಮೈದುನ ಬಸು ಬರೆದಿಟ್ಟ ವಹಿಯ ಕಾರಣಕ್ಕೆ. ಜೊತೆಗೆ ಬಂದವಳು ಅವನ ಹೆಂಡತಿ, ನನ್ನ ನೆಗೆಣ್ಣಿ ಕಸ್ತೂರಿ. ಟಿಕೋಟಾದ ನಮ್ಮ ಮನೆ ದ್ರಾಕ್ಷಿ ಬೆಳೆಯುವ ಮನೆ. ನನ್ನ ಗಂಡ ಬಳ್ಳಿ ಹಿಡಿದರು, ಅವರ ತಮ್ಮ ಬಸು ವೈರು ಹಿಡಿದ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಅವನದು ಸೌಂಡ್ ಸಿಸ್ಟಿಮ್ ಅಂಗಡಿ. ಮದುವೆ, ಮೆರವಣಿಗೆ ಎಂದರೆ ಬಸುನ ಡಿಜೆಯೇ ಆಗಬೇಕು. ಅವರಿಗೆ ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕೂಡಿಯೇ ಅಂಗಡಿ ನಡೆಸುತ್ತಿದ್ದರು, ವೈರು ಬೆಸೆಯುವುದರಲ್ಲಿ ಕಸ್ತೂರಿಯ ಕೈಯೇ ಚುರುಕು.

"ವೈನೀ, ನೀವು ಸಾಲ್ಯಾಗ ಕಡ್ಡಿಲೆ ತೋರಸ್ತೀರಲ್ಲ, ಅದೇ ಸಮುದ್ರರಿ," ಎಂದು ಬಸು ಮೊಬೈಲಿನಲ್ಲಿ ಆ ದ್ವೀಪದ ಚಿತ್ರ ತೋರಿಸುತ್ತಿದ್ದ. "ದಂಡಿ ಮ್ಯಾಲ ಸ್ಪೀಕರ್ ಇಡ್ತಾರ. ಸೂರ್ಯ ಮುಳುಗೂ ಹೊತ್ತಿಗೆ ಹಾಡ ಹಾಕ್ತಾರ. ನಾವು ನಾಕೂ ಮಂದಿ ಹೋಗೂದರಿ. ನಮ್ಮ ಅಣ್ಣಗ ಹೇಳೂದು ನಿಮ್ಮ ಕೆಲಸ."

ಇನ್ನೂರು ಪುಟದ ವಹಿಯಲ್ಲಿ ಅವನು ಪ್ರವಾಸದ ಪ್ರತಿ ದಿನವನ್ನೂ ಬರೆದಿಟ್ಟಿದ್ದ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅವನಿಗೆ ನಲವತ್ಮೂರು ವರ್ಷ. ಆಮೇಲೆ ಅಂಗಡಿಯನ್ನು ಕಸ್ತೂರಿ ಒಬ್ಬಳೇ ನಡೆಸಿದಳು. ಆದರೆ ಮದುವೆ ಮನೆಗಳಿಗೆ ಸ್ಪೀಕರ್ ಮಾತ್ರ ಹೋಗುತ್ತಿದ್ದವು, ಅವಳು ಹೋಗುತ್ತಿರಲಿಲ್ಲ. ಯಾರೂ ಬರಬೇಡ ಎಂದಿರಲಿಲ್ಲ. ಬಾ ಎಂದೂ ಯಾರೂ ಅಂದಿರಲಿಲ್ಲ.

ವಹಿ ಟ್ರಂಕಿನಿಂದ ಹೊರಬಿದ್ದದ್ದು ಈ ವರ್ಷದ ಸಂಕ್ರಮಣದ ಹೊತ್ತಿಗೆ. ನಮ್ಮ ಅತ್ತೆಗೆ ಓದಲು ಬಾರದು. ಮೂರು ಸಂಜೆ ನನ್ನನ್ನು ಕೂರಿಸಿಕೊಂಡು ಓದಿಸಿ ಕೇಳಿದರು. "ಮೊದಲ ವಿಮಾನ: ಕಿಟಕಿ ಕುರ್ಚಿ ಕಸ್ತೂರಿಗೆ. ಎರಡನೇ ವಿಮಾನ: ಕಿಟಕಿ ಕುರ್ಚಿ ಕಸ್ತೂರಿಗೆ." ಹೀಗೆಯೇ ಇತ್ತು ಅದು. ಇನ್ನೊಂದು ಪುಟದಲ್ಲಿ: "ಮೂರನೇ ದಿನ, ಪಡುವಣ ದಂಡೆ. ಇಲ್ಲಿ ಕಸ್ತೂರಿ ಕುಣಿಯಬೇಕು. ಒಪ್ಪದಿದ್ದರೆ ವೈನಿ ಕಡೆಯಿಂದ ಹೇಳಿಸುವುದು."

ನಾನು ಓದುವಾಗ ಕಸ್ತೂರಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸಾಲಿಗೆ ಬಂದಾಗ ಬಡಿತ ನಿಂತಿತು.

ಅತ್ತೆ, "ಬರದಾನಲ್ಲ, ಹೋಗಿ ಬರ್ರಿ," ಎಂದರು. ನನ್ನ ಗಂಡನಿಗೆ ಬಳ್ಳಿ ಕತ್ತರಿಸಿ ನೀರು ಬಿಡುವ ಕಾಲ, ತೋಟ ಬಿಟ್ಟು ಬರುವ ಹಾಗಿರಲಿಲ್ಲ. ಬಂಧುಗಳು, ಇಬ್ಬರು ಹೆಂಗಸರನ್ನು ಕಳಿಸಿದರೆ ಮಂದಿ ಏನಂದಾರು ಎಂದು ಮೂಗು ಮುರಿದರು. "ಮಂದಿ ಏನು ವಿಮಾನ ದೂಡಾಕ ಬರ್ತಾರನ?" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ಸೊಲ್ಲಾಪುರ ರಸ್ತೆ

ಟಿಕೆಟ್ಟು ಮಾಡಿಸಿಕೊಡುವವರ ಕಚೇರಿ ಕಸ್ತೂರಿಯ ಅಂಗಡಿಯಿಂದ ನಾಲ್ಕು ಬಾಗಿಲು ಆಚೆ. ಅಲ್ಲಿಯ ಯಜಮಾನರಿಗೆ ನಮ್ಮ ಕಾಳಜಿ ಬಹಳ ಹತ್ತಿತು.

"ಇಬ್ಬರೇ ಹೆಣ್ಮಕ್ಕಳು ಅಲ್ಲಿಗ್ಯಾಕ್ರಿ ಮೇಡಂ? ಕಾಶಿ ರಾಮೇಶ್ವರ ಐತಿ. ಬಸ್ಸಿನ್ಯಾಗ ನಮ್ಮ ಅಡಗಿ ಮಾಡೂರೇ ಬರ್ತಾರ. ಮುಂಜಾನಿ ಶಿರಾ ಉಪ್ಪಿಟ್ಟ ಸುದ್ದಾ ಕೊಡ್ತೇವಿ."

"ಕಾಶ್ಯಾಗ ಡಿಜೆ ಐತೇನ್ರಿ?" ಎಂದಳು ಕಸ್ತೂರಿ.

ಅವರು ನಕ್ಕು ವೀಸಾದ ಅರ್ಜಿ ತೆಗೆದರು. ಒಂದೊಂದೇ ಕಾಲಮ್ಮು ಕೇಳಿ ಕೇಳಿ ತುಂಬುತ್ತಿದ್ದವರು ಮದುವೆಯ ವಿಷಯದ ಸಾಲಿಗೆ ಬಂದಾಗ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದರು. ಅವಿವಾಹಿತೆ, ವಿವಾಹಿತೆ, ವಿಧವೆ ಎಂದು ಸಣ್ಣ ಸಣ್ಣ ಚೌಕಗಳಿದ್ದವು. ಕಸ್ತೂರಿ ಪೆನ್ನು ಇಸಿದುಕೊಂಡು ತಾನೇ ಗುರುತು ಹಾಕಿದಳು. ಒತ್ತಿ ಹಾಕಿದ್ದು ಹಿಂದಿನ ಹಾಳೆಯ ಮೇಲೂ ಮೂಡಿತ್ತು.

ಉಳಿಯುವ ಜಾಗ ಗೊತ್ತು ಮಾಡುವಾಗ ನಮ್ಮ ಮೊದಲ ದೊಡ್ಡ ತಪ್ಪು ನಡೆಯಿತು. ಬಸು ಬರೆದದ್ದು ದಂಡೆಯ ಪಕ್ಕದ ಪೇಟೆ. ಅವರು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಕೋಣೆ ತೋರಿಸುತ್ತ ಹೋದಂತೆ ಒಂದು ಚಿತ್ರದಲ್ಲಿ ದ್ರಾಕ್ಷಿ ಬಳ್ಳಿ ಕಂಡವು. "ನಿಂದರ್ರಿ, ನಿಂದರ್ರಿ," ಎಂದು ಕಸ್ತೂರಿ ಎದ್ದೇ ನಿಂತಳು. "ಯಕ್ಕಾ, ಇಲ್ಲಿ ನೋಡ್ರಿ. ಚಪ್ಪರಾ ಹಾಕಿಲ್ಲ, ಬಳ್ಳಿ ನೆಲದ ಮ್ಯಾಲ ಬಿಟ್ಟಾರ! ಬುಡ ನೋಡ್ರಿ ಎಷ್ಟು ದಪ್ಪ, ಐವತ್ತು ವರ್ಷದ್ದರ ಇದ್ದೀತು." ನಾನೂ ಬಗ್ಗಿ ನೋಡಿದೆ. ಎಲೆ ನೋಡಿದೆವು, ಸಾಲಿನ ಅಂತರ ನೋಡಿದೆವು, ನೀರು ಹೇಗೆ ಬಿಡುತ್ತಾರೋ ಎಂದು ವಾದ ಮಾಡಿದೆವು. ಇದೇ ಇರಲಿ ಎಂದು ಹೇಳಿಬಿಟ್ಟೆವು. ಅದು ಎಲ್ಲಿದೆ ಎಂದು ನಕಾಶೆ ನೋಡಲಿಲ್ಲ. ಭೂಗೋಳದ ಟೀಚರು ನಾನು!

ಟಿಕೋಟಾ

ಹೊರಡುವ ದಿನ ಬೆಳಿಗ್ಗೆ ಸೊಲ್ಲಾಪುರಕ್ಕೆ ಒಯ್ಯುವ ಜೀಪು ಬಾಗಿಲಿಗೆ ಬಂದಿತ್ತು. ಅಲ್ಲಿಂದ ಮುಂಬೈಗೆ ರೈಲು. ಒಂದು ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡಿದ್ದೆವು.

ದೂರದ ಊರಿಗೆ ಹೊರಟ ಮುತ್ತೈದೆಗೆ ನಮ್ಮ ಮನೆಯಲ್ಲಿ ಉಡಿ ತುಂಬಿ ಕಳಿಸುತ್ತಾರೆ. ಸೆರಗನ್ನು ಮಡಿಲಲ್ಲಿ ಜೋಳಿಗೆ ಮಾಡಿ ಒಡ್ಡಬೇಕು. ಎದುರಿನ ಮುತ್ತೈದೆ ಐದು ಸಲ ಬೊಗಸೆ ತುಂಬಿ ಅಕ್ಕಿ ಹಾಕಬೇಕು, ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಅಡಿಕೆ, ಕುಬಸದ ಖಣ. ಹಾಗೆ ಬಂದದ್ದನ್ನು ಹಾದಿಯಲ್ಲಿ ಚೆಲ್ಲಬಾರದು, ಮನೆಯ ಹೊರಗಿನವರಿಗೆ ಕೊಡಬಾರದು, ಜೋಪಾನವಾಗಿ ಮನೆಗೆ ತಂದು ಅಡಿಗೆ ಮಾಡಿ ಉಣ್ಣಬೇಕು. ಗಂಡ ತೀರಿದವಳಿಗೆ ಉಡಿ ತುಂಬುವುದಿಲ್ಲ. ಅವಳು ಇನ್ನೊಬ್ಬರಿಗೆ ತುಂಬುವ ಹಾಗೂ ಇಲ್ಲ.

ಹೀಗಾಗಿ ನಮ್ಮ ಅತ್ತೆ ಒಳಬಾಗಿಲ ಮರೆಗೆ ಹೋಗಿ ನಿಂತರು. ಮಾವ ತೀರಿಕೊಂಡ ಮೇಲೆ ಪ್ರತಿ ಸಲವೂ ಅವರು ನಿಲ್ಲುವುದು ಅಲ್ಲಿಯೇ. ಪಕ್ಕದ ಮನೆಯ ಸಾವಂತ್ರೆವ್ವ ಬಂದು ನನಗೆ ಉಡಿ ತುಂಬಿದಳು. ಅಕ್ಕಿಯ ಪರಾತ ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ಕಸ್ತೂರಿ.

"ಖಣಾ ಮರೀಬ್ಯಾಡ್ರಿ," ಎಂದು ಅತ್ತೆ ಮರೆಯಿಂದಲೇ ಹೇಳಿದರು.

ಸಾವಂತ್ರೆವ್ವ ಒಳ್ಳೆಯ ಹೆಂಗಸು. ಹಾಕುವುದೆಲ್ಲ ಹಾಕಿ ಕಸ್ತೂರಿಯ ಕಡೆ ತಿರುಗಿ, "ನೀನೂ ಸುಖಾಗಿ ಹೋಗಿ ಬಾಯವ್ವಾ," ಎಂದು ಬರಿಗೈಯಿಂದ ಅವಳ ಬೆನ್ನು ಸವರಿದಳು. ಕಸ್ತೂರಿ ನಕ್ಕಳು. ಪರಾತದಲ್ಲಿ ಇನ್ನೂ ಅರ್ಧ ಅಕ್ಕಿ ಉಳಿದಿತ್ತು. ಇಷ್ಟು ದೂರದ ಪ್ರವಾಸ ಯಾರ ಗಂಡ ಕಂಡ ಕನಸು, ಉಡಿ ಯಾರಿಗೆ! ನಾನು ಬಾಯಿ ಬಿಟ್ಟು ಒಂದು ಮಾತು ಆಡಬಹುದಿತ್ತು. ಶಾಲೆಯಲ್ಲಿ ಮಕ್ಕಳೆದುರು ಎಲ್ಲರೂ ಸಮಾನರು ಎಂದು ಗಂಟಲು ಹರಿಯುವಂತೆ ಹೇಳುವವಳು ಆವತ್ತು ಸೆರಗು ಗಂಟು ಹಾಕಿಕೊಂಡು ಸುಮ್ಮನೆ ಜೀಪು ಹತ್ತಿದೆ. ಆ ನಾಚಿಕೆ ದಾರಿಯುದ್ದಕ್ಕೂ ನನ್ನ ಜೊತೆಗೆ ಬಂತು.

ಮುಂಬೈ

ಉಡಿಯ ಸಾಮಾನನ್ನು ಗಂಟು ಕಟ್ಟಿ ದೊಡ್ಡ ಸೂಟ್‌ಕೇಸಿನಲ್ಲಿ ಇಟ್ಟಿದ್ದೆ. ಸೂಟ್‌ಕೇಸು ಯಂತ್ರದೊಳಗೆ ಹೋಗಿದ್ದೇ ತಡ, ಒಬ್ಬ ಅಧಿಕಾರಿ ನನ್ನ ಹೆಸರು ಕೂಗಿದ. ಒಣಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹೊತ್ತಿಕೊಳ್ಳುವ ಪದಾರ್ಥ, ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದ. ಆಚೆಗಿದ್ದ ಡಬ್ಬಿ ತೋರಿಸಿ, ಇದರಲ್ಲಿ ಹಾಕಿರಿ ಎಂದ. ಕಸದ ಡಬ್ಬಿ! ಉಡಿಯ ಕೊಬ್ಬರಿಯನ್ನು ಕಸಕ್ಕೆ ಹೇಗೆ ಹಾಕುವುದು? ನನಗೆ ಬಂದಷ್ಟು ಹಿಂದಿಯಲ್ಲಿ ಇದು ಬೆಂಕಿ ಅಲ್ಲ, ಉಡಿ ಎಂದು ತಿಳಿಸಿ ಹೇಳಿದೆ. ಹಿಂದಿನ ಸಾಲು ಉದ್ದವಾಗುತ್ತಿತ್ತು.

"ಚೆಲ್ಲೂದಕಿಂತ ತಿನ್ನೂದ ಪಾಡರಿ ಯಕ್ಕಾ," ಎಂದಳು ಕಸ್ತೂರಿ. ಬಟ್ಟಲನ್ನು ಕಟಕ್ಕನೆ ಎರಡು ಹೋಳು ಮಾಡಿದಳು. ಒಂದು ಹೋಳು ನನಗೆ ಕೊಟ್ಟು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತುಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ, "ನಿಮ್ಮ ಉಡೀದು. ನಾ ತಿಂದ್ರ ನಡೀತೈತೇನ್ರಿ?" ಎಂದು ಕೇಳಿದಳು.

ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡವಳು ಕೇಳುವ ಮಾತೇ ಅದು? "ತಿನ್ನ ಬೇ, ಸುಮ್ನ," ಎಂದು ಗದರಿಸಿದೆ. ಇಬ್ಬರೂ ಅಲ್ಲಿಯೇ ನಿಂತು ಒಣಕೊಬ್ಬರಿ ಅಗಿದೆವು. ನೇಮ ಹೇಗೂ ಮುರಿದಿತ್ತು, ಅಧಿಕಾರಿಗೂ ಒಂದು ಚೂರು ಕೊಡಲು ಹೋದೆ, ಕೆಲಸದ ಮೇಲೆ ಇದ್ದೇನೆ ಎಂದು ಕೈ ಮುಗಿದ.

ವಿಮಾನದಲ್ಲಿ ವಹಿಯ ಪ್ರಕಾರ ಕಿಟಕಿ ಕುರ್ಚಿ ಕಸ್ತೂರಿಗೆ. ಅವಳು ಮೋಡ ನೋಡಿದ್ದು ಕಡಿಮೆ. ಮೂರು ಕುರ್ಚಿಗಳ ಸಾಲಿನಲ್ಲಿ ನಾನು ಅಂಚಿಗೆ ಕೂತಿದ್ದೆ, ನಡುವಿನದು ಖಾಲಿ ಉಳಿದಿತ್ತು. ಗಗನಸಖಿ ಬಂದು, ಬೇಕಾದರೆ ಸರಿದು ಆರಾಮಾಗಿ ಕೂಡಿರಿ ಎಂದಳು. ನಾವಿಬ್ಬರೂ ಸರಿಯಲಿಲ್ಲ. ಕಸ್ತೂರಿ ವಹಿಯನ್ನು ಆ ಕುರ್ಚಿಯ ಮೇಲೆ ಇಟ್ಟು ಬೆಲ್ಟು ಹಾಕಿದಳು. ಅವಳಿಗೆ ಕಾಣಬಾರದೆಂದು ನಾನು ಆಚೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ.

ದ್ವೀಪದ ಮೊದಲ ದಿನ

ನಡುವೆ ಎರಡು ಕಡೆ ವಿಮಾನ ಬದಲಿಸಿ ಇಬಿಝಾದಲ್ಲಿ ಇಳಿದಾಗ ನಮ್ಮ ಜೊತೆ ಇಳಿದವರೆಲ್ಲ ಇಪ್ಪತ್ತರ ಹರೆಯದವರು. ತೊಟ್ಟ ಬಟ್ಟೆ ಲೆಕ್ಕಕ್ಕೆ ಸಾಲದಷ್ಟು. ಅವರೆಲ್ಲ ಬಸ್ಸು ಹಿಡಿದು ಸಮುದ್ರದ ಕಡೆ ಹೋದರು. ನಮ್ಮ ಟ್ಯಾಕ್ಸಿ ಸಮುದ್ರಕ್ಕೆ ಬೆನ್ನು ಹಾಕಿ ಹೊರಟಿತು. ನಾನು ಚಾಲಕನಿಗೆ ಸಮುದ್ರ, ಸಮುದ್ರ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಾವೇ ಕೊಟ್ಟ ವಿಳಾಸದ ಚೀಟಿ ತೋರಿಸಿದ.

ಹೊರಗೆ ಕೆಂಪು ನೆಲ, ಕಲ್ಲು ಪೇರಿಸಿದ ಬದು, ಬದುವಿನ ಮೇಲೆ ಪಾಪಾಸುಕಳ್ಳಿ. ಮನೆಗಳೆಲ್ಲ ಚಪ್ಪಟೆ ಮಾಳಿಗೆಯವು, ಸುಣ್ಣ ಬಳಿದವು. ಕಸ್ತೂರಿ ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದಳು.

"ಇದೇನ್ರಿ ಯಕ್ಕಾ! ಏಳು ಸಮುದ್ರ ದಾಟಿ ನಮ್ಮ ಬಾಜೂ ಊರ ನಿಡೋಣಿಗೆ ಬಂದಂಗಾತಲ್ಲ!"

ಇಬ್ಬರಿಗೂ ನಗು ತಡೆಯಲಿಲ್ಲ. ಬಸು ಇದ್ದಿದ್ದರೆ ವೈನಿಯ ಭೂಗೋಳವನ್ನು ಊರೆಲ್ಲ ಆಡಿಕೊಂಡು ನಗುತ್ತಿದ್ದ ಎಂದೆ. ಕಸ್ತೂರಿಯ ನಗು ಅಲ್ಲಿಗೆ ನಿಂತಿತು. ನಾಲಿಗೆ ಕಚ್ಚಿಕೊಂಡೆ.

ನಮಗೆ ಕೋಣೆ ಕೊಟ್ಟ ತೋಟದ ಮನೆಯ ಒಡತಿ ಕತಲೀನಾ. ಎಪ್ಪತ್ತೈದು ದಾಟಿದ ಮುದುಕಿ. ಪಾದದವರೆಗೆ ಕರಿ ಲಂಗ, ಕರಿ ಕುಪ್ಪಸ, ತಲೆಗೆ ಕರಿ ವಸ್ತ್ರ, ಅದರ ಮೇಲೊಂದು ಹುಲ್ಲಿನ ಟೋಪಿ, ಬೆನ್ನ ಮೇಲೆ ಸಣ್ಣ ಜಡೆ. ಕೋಣೆಯ ವ್ಯವಹಾರವೆಲ್ಲ ಪೇಟೆಯಲ್ಲಿದ್ದ ಮಗಳದು. ಅಜ್ಜಿಗೆ ತನ್ನ ದ್ವೀಪದ ಭಾಷೆ ಬಿಟ್ಟು ಬೇರೆ ಬಾರದು, ನಮಗೆ ಅದು ಬಾರದು. ನನ್ನ ಮೊಬೈಲು ಅನುವಾದ ಮಾಡಿ ಹೇಳುತ್ತಿತ್ತು. ಅಜ್ಜಿ ಒಂದು ನಿಮಿಷ ಮಾತಾಡಿದರೆ ಮೊಬೈಲು ಮೂರೇ ಶಬ್ದ ಹೇಳಿ ಮುಗಿಸುತ್ತಿತ್ತು.

ಮರುದಿನ ನಾನು ಬಿಸಿಲಿಗೆ ತಲೆನೋವೆಂದು ಮಲಗಿದ್ದೆ. ಎದ್ದು ಬಂದು ನೋಡಿದರೆ ಕಸ್ತೂರಿ ಮತ್ತು ಕತಲೀನಾ ಅಂಗಳದಲ್ಲಿ ಬುಟ್ಟಿ ನಡುವೆ ಇಟ್ಟುಕೊಂಡು ಕಲ್ಲಿನಿಂದ ಬಾದಾಮಿ ಒಡೆಯುತ್ತ ಕೂತಿದ್ದರು. ಒಬ್ಬಳು ಕನ್ನಡದಲ್ಲಿ, ಒಬ್ಬಳು ತನ್ನ ಭಾಷೆಯಲ್ಲಿ, ಇಬ್ಬರದೂ ಮಾತು ಜೋರಾಗಿ ನಡೆದಿತ್ತು. ಕಸ್ತೂರಿ ಒಣದ್ರಾಕ್ಷಿ ಮಾಡುವ ನಮ್ಮ ಶೆಡ್ಡಿನ ವರ್ಣನೆ ಮಾಡುತ್ತಿದ್ದಳು, ಕೈಯಿಂದ ಬಲೆಯ ಅಂತಸ್ತು ತೋರಿಸುತ್ತ. ಅಜ್ಜಿ ಒಂದು ಅಂಜೂರದ ಮರದತ್ತ ಕೈ ಮಾಡಿ ಏನೋ ಹೇಳುತ್ತಿದ್ದಳು. ಆ ಮರದ ಟೊಂಗೆಗಳಿಗೆಲ್ಲ ಕೋಲಿನ ಆಸರೆ ಕೊಟ್ಟಿದ್ದರು.

"ಏನಂತಾಳ ಬೇ?" ಎಂದೆ.

"ಗಂಡ ಹಚ್ಚಿದ ಗಿಡಂತ್ರಿ. ಅವಾ ಹೋಗಿ ಮೂವತ್ತು ವರ್ಷಾತಂತ."

"ಮೊಬೈಲ್ ನನ್ನ ಹತ್ರ ಐತಿ. ನಿನಗ ಹೆಂಗ ತಿಳೀತ?"

"ತಿಳೀತರಿ," ಎಂದಳು ಕಸ್ತೂರಿ, ಇನ್ನೊಂದು ಬಾದಾಮಿಯನ್ನು ಕಲ್ಲಿನ ಮೇಲಿಟ್ಟು. ನಾನು ಆಮೇಲೆ ಮೊಬೈಲಿನಿಂದ ಕೇಳಿ ನೋಡಿದೆ. ಮೂವತ್ತೇ ವರ್ಷ. ಆವತ್ತಿನಿಂದ ಅಜ್ಜಿ ಕರಿ ಬಟ್ಟೆ ಬಿಟ್ಟು ಬೇರೆ ತೊಟ್ಟಿಲ್ಲ. ಅದು ಅವರ ಹಳೆಯ ರೂಢಿ.

ಪಡುವಣ ದಂಡೆ

ಮೂರನೆಯ ದಿನ ವಹಿಯ ಮಾತಿನಂತೆ ಬಸ್ಸು ಹಿಡಿದು ಪಡುವಣ ದಂಡೆಗೆ ಹೋದೆವು. ಮಧ್ಯಾಹ್ನದಿಂದಲೇ ಜನ ಮರಳಿನ ಮೇಲೆ ಮಲಗಿದ್ದರು. ನಮ್ಮಲ್ಲಿ ದ್ರಾಕ್ಷಿಯನ್ನು ಕೂಡ ನೆರಳಿನಲ್ಲಿ ಒಣಗಿಸುತ್ತೇವೆ. ಇವರು ತಮ್ಮನ್ನು ತಾವೇ ಬಿಸಿಲಿಗೆ ಹಾಸಿಕೊಂಡು, ಒಂದು ಬದಿ ಕೆಂಪಾದ ಮೇಲೆ ಮಗ್ಗುಲು ಬದಲಿಸುತ್ತಿದ್ದರು. ಇಳಕಲ್ ಸೀರೆಯ ಇಬ್ಬರು ಹೆಂಗಸರನ್ನು ನೋಡಿ ಯಾರೂ ಹುಬ್ಬು ಏರಿಸಲಿಲ್ಲ. ನೋಡುವುದಿದ್ದರೆ ನಾವೇ ನೋಡಬೇಕಿತ್ತು, ನೋಡಿದೆವು ಕೂಡ. ನಾವು ಕಡಕ್ ರೊಟ್ಟಿ ಬಿಚ್ಚಿದಾಗ ಪಕ್ಕದ ಹುಡುಗಿಯೊಬ್ಬಳು ಕೇಳಿ ಇಸಿದುಕೊಂಡು ಚಟ್ನಿ ಹಚ್ಚಿ ತಿಂದಳು. ಕಣ್ಣಲ್ಲಿ ನೀರು ಇಳಿದರೂ ಇನ್ನೊಂದು ಬೇಕೆಂದಳು.

ಸೂರ್ಯ ಇಳಿಯುತ್ತ ಬಂದಂತೆ ಬಂಡೆಯ ಮೇಲೆ ಸಾಲಾಗಿ ಇಟ್ಟ ಸ್ಪೀಕರುಗಳಿಂದ ಹಾಡು ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ನೆಲ ನಡುಗುವಂತೆ. ಜನ ಎದ್ದು ನಿಂತರು, ತೂಗತೊಡಗಿದರು. ನನ್ನ ಪಾಲಿನ ಕೆಲಸ ವಹಿಯಲ್ಲಿ ಬರೆದಿತ್ತಲ್ಲ.

"ಕಸ್ತೂರೀ, ಏಳು. ಬಸು ಬರದಾನ, ನೀ ಕುಣೀಬೇಕಂತ."

"ಬಲಗಡಿ ಬಾಕ್ಸ್ ಕೇಳ್ರಿ," ಎಂದಳು ಅವಳು. "ಸಣ್ಣಗ ಗರಗರ ಅನ್ನಾಕತ್ತೈತಿ. ವೈರ್ ಸಡ್ಲಾಗೈತಿ."

ಎದ್ದು ಸ್ಪೀಕರಿನ ಕಡೆ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ. ಅಲ್ಲಿ ನಿಂತಿದ್ದ ಉದ್ದ ಕೂದಲಿನ ಗಂಡಸು ಏನು ಬೇಕು ಎಂಬಂತೆ ನೋಡಿದ. ಕಸ್ತೂರಿ ಹಿಂಬದಿಗೆ ಬಗ್ಗಿ, ವೈರಿನ ತುದಿ ಒತ್ತಿ ತಿರುಗಿಸಿದಳು. ಗರಗರ ನಿಂತಿತು. ಅವನು ಎರಡೂ ಕೈ ಎದೆಗೆ ಇಟ್ಟು ನಮಸ್ಕಾರ ಮಾಡಿದ.

ಅವಳು ವಾಪಸು ಬರಲಿಲ್ಲ. ಅಂಗೈಯನ್ನು ಸ್ಪೀಕರಿನ ಪಕ್ಕೆಗೆ ಒತ್ತಿ ಹಿಡಿದು ನಿಂತಳು. ಬಸು ಹಾಗೆಯೇ ಮಾಡುತ್ತಿದ್ದ. ಹೊಸ ಸ್ಪೀಕರು ಬಂದರೆ ಕಿವಿಯಿಂದ ಕೇಳುವ ಮೊದಲು ಕೈಯಿಟ್ಟು ನೋಡುತ್ತಿದ್ದ, ಕಸ್ತೂರಿಯ ಕೈಯನ್ನೂ ಎಳೆದು ಇಡಿಸುತ್ತಿದ್ದ. ಅವಳ ಕೆನ್ನೆಯ ಮೇಲೆ ಧಾರಾಕಾರ ನೀರು. ಒರೆಸಿಕೊಳ್ಳಲೂ ಇಲ್ಲ. "ಇ‍ಲ್ಲೇ ಅದಾರ್ರಿ ಯಕ್ಕಾ," ಎಂದಳು. ನನ್ನ ಕೈಯನ್ನೂ ಹಿಡಿದು ಅಲ್ಲಿ ಇಡಿಸಿದಳು. ನನಗೂ ಅವನು ಬೇಕಾಗಿದ್ದ. ವೈನೀ ಎಂದು ಬಾಗಿಲಿನಿಂದಲೇ ಕೂಗುತ್ತ ಬರುವ ಆ ದನಿ ಬೇಕಾಗಿತ್ತು.

ಸೂರ್ಯ ನೀರಿಗೆ ಇಳಿದಾಗ ದಂಡೆಯ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸೂರ್ಯನಿಗೆ ಚಪ್ಪಾಳೆ! ನಮ್ಮಲ್ಲಿ ಹೊತ್ತು ಮುಳುಗಿದರೆ ದೀಪ ಹಚ್ಚಿ ಕೈ ಮುಗಿಯುತ್ತೇವೆ. ಕಸ್ತೂರಿ ಕುಣಿಯಲಿಲ್ಲ. ಬಸ್ಸಿನಲ್ಲಿ ಮರಳುವಾಗ, ಕುಣಿಯಬಹುದಿತ್ತು ಎಂದೆ. "ಕುಣಿಯಾಕ ಎದುರಿಗೆ ಅವ್ರು ಬೇಕರಿ," ಎಂದಳು.

ಕತಲೀನಾಳ ಅಂಗಳ

ಹೊರಡುವ ಬೆಳಿಗ್ಗೆ ಚೀಲಗಳೆಲ್ಲ ಟ್ಯಾಕ್ಸಿಯ ಡಿಕ್ಕಿಗೆ ಹೋಗಿದ್ದವು. ಕತಲೀನಾ ಬಾಯಿ ತುಂಬ ಏನೋ ಹೇಳುತ್ತ ಒಳಗಿನಿಂದ ಬುಟ್ಟಿ ತಂದಳು. ಸಿಪ್ಪೆ ಸಮೇತ ಬಾದಾಮಿ, ಕಳೆದ ಸುಗ್ಗಿಯದು. ಇಟ್ಟುಕೊಳ್ಳಿರಿ ಎಂದು ಸನ್ನೆ ಮಾಡಿದಳು. ಬೊಗಸೆ ತುಂಬಿ ಕಸ್ತೂರಿಯ ಮುಂದೆ ಹಿಡಿದಳು. ಹಾಕಿಕೊಳ್ಳಲು ಚೀಲವಿಲ್ಲ, ಬಟ್ಟೆಯಿಲ್ಲ.

ಕಸ್ತೂರಿ ಸೆರಗು ಒಡ್ಡಿದಳು.

ವಿಚಾರ ಮಾಡಿ ಒಡ್ಡಿದ್ದಲ್ಲ ಅದು. ಎದುರಿಗೆ ಹಿರಿಯಳೊಬ್ಬಳು ಬೊಗಸೆ ತುಂಬಿ ನಿಂತರೆ ನಮ್ಮ ಕಡೆಯ ಹೆಣ್ಣಿನ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಮೊದಲ ಬೊಗಸೆ ಮಡಿಲಿಗೆ ಬಿದ್ದಾಗ ಕಸ್ತೂರಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿಯಿತು. ಗಾಬರಿಯಿಂದ ನನ್ನ ಕಡೆ ನೋಡಿದಳು, ಸೆರಗು ಸಡಿಲ ಬಿಡುವವಳಿದ್ದಳು. ನಾನು ಬೇಗ ಮುಂದೆ ಹೋಗಿ ಸೆರಗಿನ ಇನ್ನೊಂದು ಅಂಚು ಹಿಡಿದೆ. ಟಿಕೋಟಾದಲ್ಲಿ ಮಾಡದೆ ಬಿಟ್ಟದ್ದನ್ನು ಇಲ್ಲಾದರೂ ಮಾಡಿದೆನಲ್ಲ ಎನ್ನಿಸಿತು. ಕತಲೀನಾಗೆ ಇದ್ಯಾವುದರ ಗೊಡವೆಯೂ ಇಲ್ಲ. ಐದು ಎಂಬ ಲೆಕ್ಕ ಅವಳಿಗೆ ಗೊತ್ತಿಲ್ಲ. ಬುಟ್ಟಿ ಬರಿದಾಗುವವರೆಗೂ ಹಾಕಿದಳು.

ಕಸ್ತೂರಿ ತುಂಬಿದ ಉಡಿಯನ್ನು ಕಣ್ಣಿಗೆ ಒತ್ತಿಕೊಂಡು ಬಗ್ಗಿ ಅಜ್ಜಿಯ ಕಾಲು ಮುಟ್ಟಿದಳು. ಅಜ್ಜಿ ಹೌಹಾರಿ ಅವಳನ್ನು ಎತ್ತಿ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು.

ವಿಮಾನ ನಿಲ್ದಾಣದಲ್ಲಿ ಬಾದಾಮಿಯನ್ನು ಚೀಲಕ್ಕೆ ಹಾಕು ಎಂದರೆ ಕಸ್ತೂರಿ ಒಪ್ಪಲಿಲ್ಲ. ಸೆರಗು ಸೊಂಟಕ್ಕೆ ಕಟ್ಟಿಕೊಂಡೇ ತಪಾಸಣೆಗೆ ನಿಂತಳು. ಅಲ್ಲಿಯ ಹೆಣ್ಣು ಅಧಿಕಾರಿ ಹೊಟ್ಟೆಯ ಮೇಲೆ ಕೈಯಾಡಿಸಿ, ಗಂಟು ಬಿಚ್ಚಿಸಿ, ಬಾದಾಮಿ ನೋಡಿ ನನ್ನತ್ತ ತಿರುಗಿದಳು. ಇದು ಆಶೀರ್ವಾದ, ಚೀಲದಲ್ಲಿ ಹಾಕುವ ಹಾಗಿಲ್ಲ ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಹೇಳಿದೆ. ಏನು ತಿಳಿಯಿತೋ, ತಟ್ಟೆಯಲ್ಲಿ ಸುರಿದು ಯಂತ್ರಕ್ಕೆ ತೋರಿಸಿ ಮತ್ತೆ ಸೆರಗಿಗೇ ಹಾಕಿ ಕೊಟ್ಟಳು.

ಮತ್ತೆ ಟಿಕೋಟಾ

ಮನೆ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಹೇಗಿದ್ದೀರಿ, ಏನು ಉಂಡಿರಿ ಎಂಬ ಮೊದಲ ಮಾತುಗಳಾದ ಮೇಲೆ ಅವರ ಕಣ್ಣು ಕಸ್ತೂರಿಯ ಸೊಂಟದ ಗಂಟಿನ ಮೇಲೆ ನಿಂತಿತು.

"ಅದೇನ ಉಡ್ಯಾಗ?"

"ಬಾದಾಮಿರಿ. ಅಲ್ಲಿ ಒಬ್ಬಾಕಿ ಅಜ್ಜಿ ತುಂಬಿದ್ಳು," ಎಂದಳು ಕಸ್ತೂರಿ.

"ಮುತ್ತೈದೇನ?"

"ಅಲ್ಲರಿ. ಗಂಡ ಹೋಗಿ ಮೂವತ್ತು ವರ್ಷಾತಂತ."

ಚೀಲ ಹೊತ್ತು ಒಳಗೆ ಬರುತ್ತಿದ್ದ ನನ್ನ ಗಂಡ ಈ ಮಾತು ಕೇಳಿ ಚೀಲವನ್ನು ಅಲ್ಲಿಯೇ ಇಟ್ಟು, ಕೆಲಸವಿಲ್ಲದಿದ್ದರೂ ಜೀಪಿನ ಕಡೆ ಹೋಗಿಬಿಟ್ಟರು. ಅತ್ತೆ ಬಯ್ಯುತ್ತಾರೆಂದು ನಾನು ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಈ ಸಲ ಸುಮ್ಮನಿರುವವಳಲ್ಲ ನಾನು. ಆದರೆ ನನ್ನ ಮಾತು ಬೇಕಾಗಲಿಲ್ಲ. ಕಸ್ತೂರಿ ಹೋಗಿ ಅತ್ತೆಯ ಮುಂದೆ ಮೊಣಕಾಲೂರಿ ಕೂತು ಗಂಟು ಬಿಚ್ಚಿದಳು.

"ಅತ್ತೀ, ಸೆರಗ ಒಡ್ಡ್ರಿ. ನಾ ತುಂಬತೇನಿ."

"ಹುಚ್ಚಿ ಅದಿಯೇನ?" ಅತ್ತೆಯ ದನಿ ಏರಿತು. "ಇಪ್ಪತ್ತಾರು ವರ್ಷಾತ ನನ್ನ ಉಡ್ಯಾಗ ಒಂದ ಕಾಳ ಬಿದ್ದಿಲ್ಲ. ಈಗ..."

ಪ್ರತಿ ಉಡಿಗೂ ಮರೆಯಲ್ಲಿ ನಿಂತು ಖಣ ಮರೆಯಬೇಡಿರಿ ಎನ್ನುತ್ತಿದ್ದ ಹೆಂಗಸು ಈ ವರ್ಷಗಳನ್ನು ಒಂದೊಂದಾಗಿ ಎಣಿಸುತ್ತ ನಿಂತಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿದ್ದೆ. ಕೇಳಿರಲಿಲ್ಲ.

ಕಸ್ತೂರಿ ಬೊಗಸೆ ತುಂಬಿ ಹಿಡಿದುಕೊಂಡು ಹಾಗೆಯೇ ಕೂತಿದ್ದಳು. ಅತ್ತೆ ಬೀದಿಯ ಕಡೆ ನೋಡಿದರು. ಎದುರಿನ ಕಟ್ಟೆಯ ಮೇಲೆ ಸಾವಂತ್ರೆವ್ವ ಹಪ್ಪಳ ತಿರುವಿ ಹಾಕುತ್ತಿದ್ದಳು.

"ಸುವರ್ಣಾ, ಬಾಗಲಾ ಮುಂದ ಮಾಡ," ಎಂದರು ನನಗೆ.

ನಾನು ಬಾಗಿಲು ಮುಚ್ಚಿದೆ. ಪಡಸಾಲೆ ಕತ್ತಲಾಯಿತು. ಆ ಕತ್ತಲಲ್ಲಿ ಅತ್ತೆ ನಿಧಾನವಾಗಿ ಬಿಳಿ ಸೆರಗನ್ನು ಮಡಿಲಿಗೆ ಹಾಸಿ ಎರಡೂ ಕೈಯಿಂದ ಅಂಚು ಹಿಡಿದರು. ಬಾದಾಮಿ ಒಂದರ ಮೇಲೊಂದು ಬೀಳುವ ಸದ್ದು ಕೇಳಿಸಿತು. ಕಸ್ತೂರಿ ಹಾಕುತ್ತಿದ್ದಳು, ಅತ್ತೆ ಸಾಕು ಎನ್ನಲಿಲ್ಲ. ಅವರು ಅಳುತ್ತಿದ್ದರು, ಸದ್ದು ಮಾಡದೆ. ಆಮೇಲೆ ತುಂಬಿದ ಉಡಿಯನ್ನು ಎರಡೂ ಕೈಯಿಂದ ಅವಚಿಕೊಂಡು ಕೂತರು.

ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಬಾಗಲಾ ತಗೀಯವ್ವಾ. ನೋಡಿದ್ರ ನೋಡ್ಲಿ ಮಂದಿ."

ನಾನು ಹೋಗಿ ಎರಡೂ ಕದ ತೆರೆದೆ.